ನಮ್ಮ ಗಿರಣಿಯಲ್ಲಿ ಹುಳ ಇಲ್ಲ

ಹುಳ ಹುಡುಕಲು ಹೊರಟವರಿಗೆ ಹುಳಕ್ಕಿಂತ ಮೊದಲು ಮನುಷ್ಯರೇ ಸಿಗುತ್ತಾರೆ. ಹುಳ ತನ್ನ ಪಾಡಿಗೆ ಕಾಳಿನೊಳಗೆ ಕುಳಿತಿರುತ್ತದೆ, ಮನುಷ್ಯರು ಹಾಗೆ ಕುಳಿತಿರುವುದಿಲ್ಲ. ನಾನು ಪಿಎಚ್‌ಡಿ ಮಾಡಿದ ವರ್ಷಗಳಲ್ಲಿ ಹುಳಗಳ ಬಗ್ಗೆ ಬರೆದದ್ದೆಲ್ಲ ಪ್ರಬಂಧಕ್ಕೆ ಸೇರಿತು. ಮನುಷ್ಯರ ಬಗ್ಗೆ ಬರೆಯಲು ಅಲ್ಲಿ ಅಧ್ಯಾಯವೇ ಇರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ರಾಯಚೂರಿನಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಅಪ್ಪ ಕೊಟ್ಟದ್ದಲ್ಲ, ಗಂಡ ಹಾಕಿಸಿಕೊಟ್ಟದ್ದೂ ಅಲ್ಲ. ಅಕ್ಕಿ ಗಿರಣಿಯಲ್ಲಿ ಕಸ ಹೊಡೆದು, ಕಾಳು ಕೇರಿ, ನಾನೇ ದುಡಿದು ಹಾಕಿದ್ದು. ಚಿಕ್ಕಂದಿನಲ್ಲಿ ಶಾಲೆಗೆ ಹೋದವಳಲ್ಲ. ಅಕ್ಷರ ಕಲಿತದ್ದು ಗೋಣಿಚೀಲಗಳ ಮೇಲೆ. ಕೂಡಿಸಿ ಓದಿದ ಮೊದಲ ಇಂಗ್ಲಿಷ್ ವಾಕ್ಯ ‘ಯೂಸ್ ನೋ ಹುಕ್ಸ್’, ಚೀಲಕ್ಕೆ ಕೊಕ್ಕೆ ಹಾಕಬೇಡಿ ಎಂದು. ಆಮೇಲೆ ಪೊಟ್ಟಣ ಕಟ್ಟಿದ ಪೇಪರು, ಆಮೇಲೆ ಗ್ರಂಥಾಲಯ, ಆಮೇಲೆ ಹೊರಗಿನಿಂದ ಕಟ್ಟಿದ ಹತ್ತನೇ ತರಗತಿ ಪರೀಕ್ಷೆ. ಕಾಲೇಜಿನ ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಹುಡುಗರೆಲ್ಲ ಎದ್ದು ನಿಂತು ನಮಸ್ಕಾರ ಮಾಡಿದರು, ಪಾಠ ಮಾಡುವ ಮೇಡಂ ಬಂದರೆಂದು. ಕೂತ್ಕೊಳ್ರಿ ಎಂದು ಹೇಳಿ ನಾನೂ ಹಿಂದಿನ ಬೆಂಚಿನಲ್ಲಿ ಕುಳಿತೆ.

ಸಂಶೋಧನೆಗೆ ಆರಿಸಿಕೊಂಡ ವಿಷಯ, ಕಾಳಿನಲ್ಲಿ ಬದುಕುವ ಜೀರುಂಡೆಗಳ ವಿಕಾಸ ಮತ್ತು ವರ್ಗೀಕರಣ. ಯಾಕೆ ಅದೇ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟೆ: ಹುಟ್ಟಿದಾಗಿನಿಂದ ಈ ಹುಳಗಳ ಜೊತೆ ಜಗಳ ಆಡಿದ್ದೇನೆ, ಎದುರಾಳಿಯ ಕುಲಗೋತ್ರ ಗೊತ್ತಿರಬೇಕಲ್ಲ.

ಗಿರಣಿಯ ಬಾಗಿಲಲ್ಲಿ ದೊಡ್ಡ ಅಕ್ಷರದ ಬೋರ್ಡ್ ಹಾಕಿಸಿದ್ದೆ: ‘ಹುಳ ಹತ್ತಿದ ಕಾಳು ಬೀಸಲಾಗುವುದಿಲ್ಲ.’ ಇದು ಬರೀ ಬೋರ್ಡಲ್ಲ, ಹಟ. ನಮ್ಮ ಓಣಿಯ ಒಬ್ಬ ಅಜ್ಜಿಯ ಜೋಳದಲ್ಲಿ ನುಸಿ ಕಂಡದ್ದಕ್ಕೆ ಪಾಳಿಯಲ್ಲಿ ನಿಂತ ಎಲ್ಲರ ಮುಂದೆ ಚೀಲ ವಾಪಸ್ ಕೊಟ್ಟಿದ್ದೆ. ಅಜ್ಜಿ ಚೀಲ ತಲೆ ಮೇಲೆ ಇಟ್ಟುಕೊಂಡು, “ಹುಳ ಇದ್ರ ಏನಾತು ಯವ್ವಾ, ಅದೂ ಜ್ವಾಳನ ತಿಂದು ಬೆಳದದ,” ಎಂದು ಹೇಳಿ ಹೋಗಿದ್ದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಎದುರಂಗಡಿಯ ಹುಳ

ಸಂಶೋಧನೆ ಶುರು ಮಾಡಿದ್ದು ರಾಯಚೂರಿನ ಗಂಜ್‌ನಿಂದ. ಕಾಳಿನ ವ್ಯಾಪಾರವೆಲ್ಲ ಅಲ್ಲೇ ನಡೆಯುವುದರಿಂದ ಹುಳಕ್ಕೆ ಬರವಿಲ್ಲ ಎಂದುಕೊಂಡಿದ್ದೆ. ಮೊದಲ ಅಂಗಡಿಗೆ ಹೋಗಿ, ನಿಮ್ಮಲ್ಲಿ ಹುಳ ಇದ್ದರೆ ಸ್ವಲ್ಪ ಬೇಕಾಗಿತ್ತು ಎಂದೆ. ಗಾದಿಯ ಮೇಲೆ ಕುಳಿತ ಸಾಹುಕಾರರು ಮಗಳ ಮದುವೆ ಮುರಿದ ಸುದ್ದಿ ಕೇಳಿದವರಂತೆ ನನ್ನನ್ನು ನೋಡಿದರು. ತಮ್ಮ ಅಜ್ಜನ ಕಾಲದಿಂದ ಈ ಅಂಗಡಿಯಲ್ಲಿ ಹುಳ ಎಂಬ ಶಬ್ದವೇ ಯಾರ ಬಾಯಿಂದಲೂ ಬಂದಿಲ್ಲ ಎಂದರು. ಅವರು ಹಾಗೆ ಹೇಳುತ್ತಿರುವಾಗಲೇ ಒಂದು ಕೆಂಪು ಹುಳ ಅವರ ಬಿಳಿ ಅಂಗಿಯ ತೋಳಿನ ಮೇಲೆ ನಿಧಾನವಾಗಿ ಹತ್ತತೊಡಗಿತು. ನಾನು ಬೆರಳು ತೋರಿಸಿದೆ.

ಸಾಹುಕಾರರು ಅದನ್ನು ನೋಡಿ ಸ್ವಲ್ಪವೂ ಅಳುಕಲಿಲ್ಲ. “ಇದು ನಮ್ಮದಲ್ರಿ,” ಅಂದರು. “ಎದುರಿನವ್ರದು. ಹಾರಿ ಬಂದದ.”

ಎದುರಿನ ಅಂಗಡಿಗೆ ಹೋದೆ. ಅವರು ನನ್ನನ್ನು ತಪಾಸಣೆಗೆ ಬಂದ ಅಧಿಕಾರಿ ಎಂದುಕೊಂಡು ಚಹಾ ತರಿಸಿದರು, ಅದರ ಜೊತೆ ಗೋಡಂಬಿ ಇಟ್ಟರು. ಗೋಡಂಬಿಯಲ್ಲಿಯೂ ಒಂದು ಹುಳ ಇತ್ತು. ಅದು ನಾನು ಮೊದಲು ಹೋದ ಅಂಗಡಿಯಿಂದ ಬಂದದ್ದು ಎಂದು ಅವರು ಆಣೆ ಮಾಡಿದರು.

ಆ ದಿನ ನನಗೊಂದು ಸಂಶೋಧನಾ ವಿಧಾನ ದೊರಕಿತು, ಅದು ಯಾವ ಪುಸ್ತಕದಲ್ಲೂ ಇಲ್ಲ. ನಿಮ್ಮಲ್ಲಿ ಹುಳ ಇದೆಯೇ ಎಂದು ಕೇಳಲೇಬಾರದು. ಪಕ್ಕದ ಅಂಗಡಿಯಲ್ಲಿ ಹುಳ ಇದೆಯಂತೆ, ಹೌದೇ ಎಂದು ಕೇಳಬೇಕು. ಯಾವ ಚೀಲ, ಯಾವ ಮೂಲೆ, ಯಾವಾಗಿನಿಂದ ಎಂದು ಪೂರ್ತಿ ಮಾಹಿತಿ ಸಿಗುತ್ತದೆ.

ಅದೇ ಉತ್ಸಾಹದಲ್ಲಿ ಮನೆಗೆ ಬಂದು ನಮ್ಮ ಗಿರಣಿಯ ಎದುರಿನ ಕಿರಾಣಿ ಅಂಗಡಿಗೆ ಹೋದೆ. ಅಂಗಡಿಯ ಭಾಯಿ ಮನೆಯಲ್ಲಿ ದಖನಿ ಮಾತಾಡಿದರೂ ಗಿರಾಕಿಗಳ ಜೊತೆ ನಮ್ಮಂತೆಯೇ ಕನ್ನಡ ಮಾತಾಡುವವರು. ನನ್ನನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಾರೆ. ನೀವಾದರೂ ನಿಜ ಹೇಳಿ, ನಿಮ್ಮ ಅಂಗಡಿಯಲ್ಲಿ ಹುಳ ಇದೆಯಲ್ಲ ಎಂದೆ.

“ಇಲ್ಲ ಆಪಾ,” ಅಂದರು ಭಾಯಿ. “ಇದ್ರೂ ನಿಮ್ಮ ಗಿರಣಿಯಿಂದ ಬಂದಿರಬೇಕು.”

ಆ ತಿಂಗಳು ಸಕ್ಕರೆ ಬೇರೆ ಅಂಗಡಿಯಿಂದ ತಂದೆ.

ಖಾಲಿ ಡಬ್ಬಿ

ಗಂಜ್‌ನಲ್ಲಿ ಸಿಕ್ಕದ್ದೆಲ್ಲ ಎಲ್ಲರಿಗೂ ಗೊತ್ತಿರುವ ಹುಳಗಳು. ಹೊಸದೇನಾದರೂ ಬೇಕೆಂದರೆ ಹಳೆಯ ಜಾಗಕ್ಕೆ ಹೋಗಬೇಕು ಎಂದುಕೊಂಡಾಗ ನನ್ನ ತಲೆಗೆ ಹೊಳೆದದ್ದು ಹಗೇವು. ನೆಲದೊಳಗೆ ಬಾವಿಯಂತೆ ತೋಡಿ ಜೋಳ ತುಂಬಿ ಮೇಲೆ ಕಲ್ಲು ಮುಚ್ಚುವ ಹಳೇ ಕಾಲದ ಕಣಜ ಅದು. ದೇವದುರ್ಗದ ಹತ್ತಿರದ ಒಂದು ಹಳ್ಳಿಯಲ್ಲಿ, ಕುರಿ ಸಾಕುವ ಮನೆತನದವರ ಹಿತ್ತಲಲ್ಲಿ ಅಂಥದೊಂದು ಇದೆ, ಅಜ್ಜನ ಕಾಲದಿಂದ ತೆರೆದಿಲ್ಲ ಎಂದು ತಿಳಿಯಿತು. ಹೋದೆ.

ಮನೆಯ ಯಜಮಾನ ಒಳ್ಳೆಯವರು. ಕಲ್ಲು ಸರಿಸಿ, ಕೆಟ್ಟ ಗಾಳಿ ಇದೆಯೇ ಎಂದು ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡಿ, ಆಮೇಲೆ ತಾವೇ ಇಳಿದು ತಳದ ಜೋಳದ ಪುಡಿಯನ್ನು ಬುಟ್ಟಿಯಲ್ಲಿ ತುಂಬಿ ಕಳಿಸಿದರು. ಜರಡಿ ಹಿಡಿದೆ. ಕೊನೆಯಲ್ಲಿ ಒಂದೇ ಒಂದು ಕಪ್ಪು ಹುಳ ಜರಡಿಯಲ್ಲಿ ಉಳಿದು ನಡೆಯತೊಡಗಿತು.

ಮಸೂರ ಹಿಡಿದು ನೋಡಿದವಳು ಮಸೂರ ಒರೆಸಿ ಮತ್ತೊಮ್ಮೆ ನೋಡಿದೆ. ಜೀರುಂಡೆಯ ಬೆನ್ನಿನ ಮೇಲೆ ಎರಡು ಗಟ್ಟಿ ರೆಕ್ಕೆಗಳು ಡಬ್ಬಿಯ ಎರಡು ಮುಚ್ಚಳದಂತೆ ಇರುತ್ತವೆ. ಅವು ತೆರೆದರೆ ಒಳಗಿನ ತೆಳು ರೆಕ್ಕೆ ಹೊರಬಂದು ಹುಳ ಹಾರುತ್ತದೆ. ಈ ಹುಳದ ಎರಡು ಮುಚ್ಚಳಗಳು ನಡುವಿನ ಗೆರೆಯೂ ಕಾಣದಂತೆ ಬೆಸೆದುಕೊಂಡಿದ್ದವು. ಅಂದರೆ ಹಾರುವ ಕೆಲಸವೇ ಇಲ್ಲ. ಎಷ್ಟೋ ತಲೆಮಾರು ಕತ್ತಲಲ್ಲಿ, ಕಾಳಿನ ನಡುವೆ ಬದುಕಿದ ಹುಳ ಎಲ್ಲಿಗೆ ಹಾರಬೇಕು. ಇಂಥದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಫೋನಿನಲ್ಲಿ ಫೋಟೋ ತೆಗೆದೆ. ಜೀವಂತ ಒಯ್ದು ಗೈಡ್ ಸರ್‌ಗೆ ತೋರಿಸಬೇಕೆಂದು ಸಣ್ಣ ಡಬ್ಬಿಯಲ್ಲಿ ನಾಲ್ಕು ಕಾಳು ಜೋಳದ ಜೊತೆ ಹಾಕಿ, ಕಟ್ಟೆಯ ಮೇಲಿಟ್ಟು ಊಟಕ್ಕೆ ಕುಳಿತೆ. ರೊಟ್ಟಿ, ಪುಂಡಿ ಪಲ್ಯ. ಹಸಿವಿಗಿಂತ ಖುಷಿಗೇ ಹೆಚ್ಚು ತಿಂದೆ. ಹೊರಡುವಾಗ ಯಜಮಾನರ ತಾಯಿ ನನ್ನ ಚೀಲವನ್ನು ತಾವೇ ಹೆಗಲಿಗೆ ಹಾಕಿ ಕಳಿಸಿದರು.

ಬಸ್ಸಿನಲ್ಲಿ ಕುಳಿತು ಡಬ್ಬಿ ತೆಗೆದೆ. ಫಳಫಳ ಹೊಳೆಯುತ್ತಿತ್ತು. ಮುಚ್ಚಳ ತೆರೆದರೆ ಒಳಗೆ ಶೇಂಗಾ ಚಟ್ನಿಪುಡಿ.

ಕೂಡಲೇ ಫೋನ್ ಮಾಡಿದೆ. ತಾಯಿಯೇ ಎತ್ತಿದರು. ಡಬ್ಬಿಯಲ್ಲಿ ಹುಳ ಇತ್ತಲ್ಲ ಯವ್ವಾ ಎಂದೆ.

“ಹೌದು ನೋಡವ್ವ, ಹುಳ ಬಿದ್ದಿತ್ತು. ನೀ ನೋಡಿದ್ದಿಲ್ಲ ಅನಸ್ತದ. ಬೂದಿ ಹಾಕಿ ತಿಕ್ಕಿ ತೊಳದೆ. ಖಾಲಿ ಡಬ್ಬಿ ಹ್ಯಾಂಗ ವಾಪಸ್ ಕೊಡ್ಲಿ ಅಂತ ಹಿಂಡಿ ತುಂಬೀನಿ.”

“ಹುಳ ಎಲ್ಲದ ಯವ್ವಾ?”

“ಅಂಗಳಕ್ಕ ಒಗದೆ. ಕೋಳಿ ತಿಂತು.”

ಜಗತ್ತಿಗೆ ಗೊತ್ತಿಲ್ಲದ ಒಂದು ಹುಳದ ರುಚಿ ದೇವದುರ್ಗದ ಕಡೆಯ ಒಂದು ಕೋಳಿಗೆ ಮಾತ್ರ ಗೊತ್ತು. ಹಿಂಡಿ ಚೆನ್ನಾಗಿತ್ತು, ಅದರ ಬಗ್ಗೆ ಸುಳ್ಳು ಹೇಳಬಾರದು.

ಗೈಡ್ ಸರ್ ಕೇಳಿದ ಪ್ರಶ್ನೆ

ನಮ್ಮ ಗೈಡ್ ಸರ್ ಮೈಸೂರು ಕಡೆಯವರು. ಬೈಯುವುದನ್ನೂ ಬಹುವಚನದಲ್ಲಿಯೇ ಬೈಯುತ್ತಾರೆ. ಫೋಟೋವನ್ನು ದೊಡ್ಡದು ಮಾಡಿ, ಮೂಗು ಫೋನಿಗೆ ತಾಗುವವರೆಗೆ ಬಗ್ಗಿ ನೋಡಿದರು. ಇದು ನಿಜವಾಗಿ ಹೊಸದೇ ಆಗಿದ್ದರೆ ನಿಮ್ಮ ಪ್ರಬಂಧದ ಕೊನೆಯ ಅಧ್ಯಾಯ ಇದೇ, ಇದಿಲ್ಲದಿದ್ದರೆ ನೀವು ಬರೆದಿರುವುದು ಎಲ್ಲರಿಗೂ ಗೊತ್ತಿರುವ ಹುಳಗಳ ಹೆಸರು ಅಷ್ಟೇ ಎಂದರು. ಆಮೇಲೆ ಹುಳ ಎಲ್ಲಿ ಎಂದು ಕೇಳಿದರು. ನಾನು ಕೋಳಿಯ ಕಥೆ ಹೇಳಿದೆ.

“ಹುಳದ ಬದಲು ಫೋಟೋವನ್ನು ಸೂಜಿಗೆ ಚುಚ್ಚಿಡುವುದಕ್ಕೆ ಆಗುವುದಿಲ್ಲ ಕಣ್ರಮ್ಮ,” ಎಂದರು ಸರ್.

ಒಂದು ಹುಳ ಸಿಕ್ಕರೂ ಸಾಲದು. ಅದು ಹುಟ್ಟಿನಿಂದ ಊನವಾದ ಹುಳ ಎಂದು ಯಾರಾದರೂ ವಾದಿಸಬಹುದು. ಹಲವು ಬೇಕು, ಹೆಣ್ಣು ಗಂಡು ಎರಡೂ ಬೇಕು. ಪ್ರಬಂಧ ಸಲ್ಲಿಸಲು ನನಗೆ ಕೊಟ್ಟ ಹೆಚ್ಚಿನ ಅವಧಿಯೂ ಮುಗಿಯುತ್ತ ಬಂದಿತ್ತು, ಇನ್ನೊಮ್ಮೆ ಕೊಡುವ ನಿಯಮವಿಲ್ಲ. ಅಷ್ಟರೊಳಗೆ ಆ ಹುಳ ಕೈಗೆ ಸಿಗದಿದ್ದರೆ ಇಷ್ಟು ವರ್ಷ ಓದಿದ್ದು ಗಿರಣಿ ಗಾಳಿಗೆ ಹಾರಿದ ಹಿಟ್ಟು.

ಎದ್ದು ಹೊರಟಾಗ ಸರ್ ಮೆಲ್ಲಗೆ, ನಿಮ್ಮ ಗಿರಣಿಯಲ್ಲಿ ಒಮ್ಮೆ ನೋಡಿದ್ದೀರಾ ಎಂದು ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ನಮ್ಮ ಗಿರಣಿಯಲ್ಲಿ ಹುಳ ಇಲ್ಲ ಸರ್, ಬಾಗಿಲಲ್ಲೇ ಬೋರ್ಡ್ ಹಾಕಿದ್ದೇನೆ ಎಂದೆ.

“ಸರಿ. ಹುಳಕ್ಕೆ ಓದೋದಕ್ಕೆ ಬರುತ್ತಾ?”

ಹಗೇವಿನ ನಿಧಿ

ಆ ಹಗೇವಿನ ತಳದಲ್ಲಿ ಇನ್ನೂ ಪುಡಿ ಉಳಿದಿತ್ತು. ಯಜಮಾನರಿಗೆ ಫೋನ್ ಮಾಡಿ, ನಾನು ಬರುವವರೆಗೆ ಹಗೇವಿನೊಳಗೆ ಯಾರನ್ನೂ ಇಳಿಸಬೇಡಿ, ಒಂದು ಹಿಡಿ ಮಣ್ಣು ಆಚೀಚೆ ಆಗಬಾರದು, ಖರ್ಚು ಎಷ್ಟಾದರೂ ನಾನೇ ಕೊಡುತ್ತೇನೆ, ಈ ಮಾತು ಯಾರ ಮುಂದೂ ಹೇಳಬೇಡಿ ಎಂದೆ. ನಮ್ಮ ಜಿಲ್ಲೆಯಲ್ಲಿ ನೆಲ ಅಗೆದರೆ ಬಂಗಾರ ಸಿಗುವ ಊರೂ ಇದೆ ಎಂಬುದು ಫೋನ್ ಇಟ್ಟ ಮೇಲೆ ನೆನಪಾಯಿತು.

ನಾನು ಹೋಗುವಷ್ಟರಲ್ಲಿ ಹಿತ್ತಲು ಜಾತ್ರೆಯಾಗಿತ್ತು. ಹಗೇವನ್ನು ಕೆರೆದು ಕೆರೆದು ಇನ್ನೂ ಒಂದಾಳು ಆಳ ಮಾಡಿದ್ದರು. ತೆಗೆದ ಮಣ್ಣನ್ನು ಹಿತ್ತಲ ತುಂಬ ಹರವಿ, ಒಂದಿಷ್ಟು ಹೆಂಗಸರು ಬುಟ್ಟಿಯಲ್ಲಿ ಹಾಕಿ ನೀರಿನಲ್ಲಿ ತೊಳೆಯುತ್ತಿದ್ದರು. ನನ್ನ ಹುಳಗಳು ಇದ್ದಿದ್ದರೆ ಹಳ್ಳಕ್ಕೆ ಸೇರಿ ಆಗಿತ್ತು.

ಯಾಕೆ ಮುಟ್ಟಿದಿರಿ ಎಂದು ಯಜಮಾನರನ್ನು ಕೇಳಿದೆ. “ನಾವು ಮುಟ್ಟಿಲ್ರಿ ಅಕ್ಕೋರ,” ಅಂದರು. “ನೀವು ಮುಟ್ಟಬ್ಯಾಡ್ರಿ ಅಂದ್ರಿ, ನಾವು ದೂರ ನಿಂತೀವಿ. ಮಂದಿ ಮುಟ್ಯಾರ.”

ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ತಿಳಿಸಿ ಹೇಳಿದೆ. ಬಂಗಾರ ಅಲ್ಲ, ನಿಧಿ ಅಲ್ಲ, ನನಗೆ ಬೇಕಾದದ್ದು ಹುಳ, ಇದೇ ನೋಡಿ ಅದರ ಫೋಟೋ ಎಂದು ಫೋನ್ ಕೈಯಿಂದ ಕೈಗೆ ದಾಟಿಸಿದೆ. ಎಲ್ಲರೂ ನೋಡಿದರು, ಯಾರೂ ನಂಬಲಿಲ್ಲ. ಒಬ್ಬೊಬ್ಬರೇ ಬುಟ್ಟಿ ಎತ್ತಿಕೊಂಡು ಹೋದ ಮೇಲೆ ಯಜಮಾನರು ಹತ್ತಿರ ಬಂದು ದನಿ ಇಳಿಸಿದರು.

“ನಿಜ ಹೇಳ್ರಿ ಅಕ್ಕೋರ. ಒಂದು ಹುಳಕ್ಕ ಯಾರರ ರಾಯಚೂರಿನಿಂದ ಎರಡು ಸಲ ಬರ್ತಾರೇನು? ಅದ್ರ ಹೊಟ್ಟ್ಯಾಗ ಏನೋ ಅದ.”

ಏನೂ ಇಲ್ಲ ಎಂದೆ.

“ಅದೂ ಖರೇನ ಇರಬೇಕು,” ಎಂದರು ಅವರು ಬೇಸರದಿಂದ. “ಆ ಕೋಳಿ ನಿನ್ನೆ ಕೊಯ್ದು ನೋಡಿದ್ವಿ. ಏನೂ ಇದ್ದಿಲ್ಲ.”

ಒಳಗಿನಿಂದ ತಾಯಿ ಕೂಗಿ ಹೇಳಿದರು: “ಸಾರು ಚೊಲೊ ಆಗಿತ್ತು.”

ಮಾನ್ವಿಯ ಮರ್ಯಾದೆ

ನನ್ನ ನಾದಿನಿಯನ್ನು ಕೊಟ್ಟದ್ದು ಮಾನ್ವಿಗೆ. ಅವರ ಮನೆಯಲ್ಲಿಯೂ ಸಣ್ಣದೊಂದು ಹಗೇವು ಇತ್ತು, ತಳದಲ್ಲಿ ಹುಳ ಹತ್ತಿದ ಹಳೇ ಜೋಳ ಉಳಿದಿತ್ತು. ದೇವದುರ್ಗದ ಪಾಠ ಕಲಿತವಳು ನಾನು, ಫೋನಿನಲ್ಲಿ ಗುಟ್ಟು ಮಾಡದೆ ಬಿಡಿಸಿ ಹೇಳಿದೆ: ಜೋಳ ಬೇಕಾಗಿಲ್ಲ, ಹುಳ ಬೇಕು. ಕೇರಬೇಡ, ಜರಡಿ ಹಿಡಿಯಬೇಡ, ಹೇಗಿದೆಯೋ ಹಾಗೇ ಚೀಲಕ್ಕೆ ತುಂಬಿಡು. ಆಕೆ, ತಿಳೀತು ವೈನಿ, ತಿಳೀತು ವೈನಿ ಎಂದಳು.

ಹೋದಾಗ ಪಡಸಾಲೆಯಲ್ಲಿ ಜೋಳದ ಚೀಲ ತಯಾರಾಗಿ ನಿಂತಿತ್ತು. ಕೈ ಹಾಕಿ ನೋಡಿದೆ. ಮುತ್ತಿನಂಥ ಜೋಳ. ಓಣಿಯ ಹೆಂಗಸರನ್ನೆಲ್ಲ ಕರೆದು ಕೇರಿಸಿ, ಜರಡಿ ಹಿಡಿಸಿ, ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಸೇರಿಸಿ ಕಟ್ಟಿದ್ದಳು. ನನ್ನ ಮುಖ ನೋಡಿ ಆಕೆಯೇ ಗಾಬರಿಯಾದಳು.

“ನಾ ಹುಳ ಕೇಳಿದ್ದೆನಲ್ಲೇ,” ಅಂದೆ.

“ಕೇಳಿದ್ರಿ ವೈನಿ. ನಮಗ ತ್ರಾಸ ಆಗಬಾರದು ಅಂತ ನೀವು ಹಂಗ ಅಂದ್ರಿ. ಅದು ನನಗ ತಿಳ್ಯಂಗಿಲ್ಲೇನು? ಮನಿಗೆ ಬಂದವ್ರಿಗೆ ಹುಳದ ಜ್ವಾಳ ಕಟ್ಟಿ ಕಳಿಸಿದ್ರ ನಾಳಿ ಮಂದಿ ನನ್ನ ಮಾರಿಗೆ ಏನಂತಾರ?”

ಕೇರಿದ ಕಸವನ್ನು ಎಲ್ಲಿ ಹಾಕಿದಿರಿ ಎಂದೆ. ಒಲೆಗೆ ಹಾಕಿದ್ದರು. ನಾನು ಒಲೆಯ ಮುಂದೆ ಕುಳಿತು ಬೂದಿ ಕೆದರುತ್ತಿದ್ದಾಗ ನಾದಿನಿ ಬಾಗಿಲಲ್ಲಿ ನಿಂತು ಯಾರಿಗೋ ಹೇಳುತ್ತಿದ್ದಳು, ನಮ್ಮ ವೈನಿ ಭಾಳ ಓದ್ಯಾರ, ಅದಕ್ಕ ಹಿಂಗ ಆಗ್ಯಾರ ಎಂದು.

ಬೆಲ್ಟ್ ಹರಿದ ದಿನ

ಅವಧಿ ಮುಗಿಯಲು ಬಂದಿತ್ತು. ಬಿಟ್ಟುಬಿಡು ಎಂದು ಹೇಳುವವರು ಹೆಚ್ಚಾದಷ್ಟೂ ನನಗೆ ಬಿಡಲು ಆಗುತ್ತಿರಲಿಲ್ಲ. ಅಂಥ ಒಂದು ಬೆಳಿಗ್ಗೆ, ಪಾಳಿಯಲ್ಲಿ ಅಜ್ಜಿಯೇ ಮೊದಲು ನಿಂತಿರುವಾಗ, ಗಿರಣಿಯ ಬೆಲ್ಟ್ ಹರಿಯಿತು.

ಮಿಸ್ತ್ರಿ ಬಂದ. ಬೆಲ್ಟ್ ಹಾಕಲು ಯಂತ್ರದ ಕೆಳಗಿನ ಮರದ ಹಲಗೆ ಎತ್ತಬೇಕು ಎಂದ. ಗಿರಣಿ ಹಾಕಿದ ದಿನ ಬಡಿದ ಹಲಗೆ ಅದು, ಆಮೇಲೆ ಯಾರೂ ಎತ್ತಿರಲಿಲ್ಲ. ಎತ್ತಿದರೆ ಕೆಳಗೆ ವರ್ಷಗಟ್ಟಲೆ ಇಳಿದು ಗಟ್ಟಿಯಾದ ಜೋಳದ ಹಿಟ್ಟು, ಹಗೇವಿನ ತಳದ ಹಾಗೆಯೇ ಕತ್ತಲು. ಮಿಸ್ತ್ರಿ ಬಗ್ಗಿ ನೋಡಿದ.

“ಅಕ್ಕೋರ, ಇಲ್ಲಿ ದೊಡ್ಡ ಸಂಸಾರನ ಅದ. ಎಲ್ಲಾ ಹುಳ.”

ನಾನು ನೋಡುವ ಮೊದಲೇ ನನ್ನ ಬಾಯಿ ತಾನಾಗಿ ಹೇಳಿತು: “ನಮ್ಮವಲ್ಲ.”

“ಹಂಗಾದ್ರ ಬಾಡಗಿಗೆ ಅದಾವೇನ್ರಿ?” ಎಂದ ಮಿಸ್ತ್ರಿ.

ಅವನಿಗೆ ಬೈಯಲೆಂದೇ ಬಗ್ಗಿದವಳು ಅಲ್ಲೇ ಕುಳಿತೆ. ಕಪ್ಪು ಹುಳಗಳು. ಮಸೂರ ತಂದೆ. ಬೆಸೆದುಕೊಂಡ ಬೆನ್ನು. ನಡುವೆ ಗೆರೆ ಇಲ್ಲ. ಹೆಣ್ಣು, ಗಂಡು, ಮರಿ ಎಲ್ಲ ಇದ್ದವು. ನಾನು ದೇವದುರ್ಗ, ಮಾನ್ವಿ ಎಂದು ಬಸ್ಸು ಹತ್ತಿ ಇಳಿಯುವಾಗ ಇವು ನನ್ನ ಕಾಲ ಕೆಳಗೇ ಮಕ್ಕಳು ಮೊಮ್ಮಕ್ಕಳನ್ನು ಮಾಡಿಕೊಂಡು ಆರಾಮಾಗಿದ್ದವು. ಎದ್ದು ಮೊದಲು ಶಟರ್ ಎಳೆದೆ.

ಹೊರಗೆ ಅಜ್ಜಿ ಶಟರ್ ಬಡಿಯತೊಡಗಿದಳು. ಬೆಲ್ಟ್ ಹರದದ ಯವ್ವಾ, ನಾಳೆ ಬಾ ಎಂದು ಒಳಗಿನಿಂದಲೇ ಕೂಗಿದೆ.

“ಬೆಲ್ಟ್ ಹರದ್ರ ಬಾಗಲಾ ಯಾಕ ಹಾಕ್ತಿ? ಬೆಲ್ಟ್ ಓಡಿ ಹೋ‌ಗ್ತದೇನು?”

ನಾನು ಒಳಗೆ ಖಾಲಿ ಸೀಸೆ ಹುಡುಕತೊಡಗಿದೆ.

ಮಿಸ್ತ್ರಿಗೆ ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿ, ಹುಳಗಳನ್ನು ಸೀಸೆಗಳಲ್ಲಿ ತುಂಬಿ ಗೈಡ್ ಸರ್ ಮುಂದಿಟ್ಟೆ. ಸರ್ ಬಹಳ ಹೊತ್ತು ನೋಡಿ, ಖುಷಿಯಿಂದ ತಾವೇ ಚೀಟಿ ಬರೆಯಲು ಕುಳಿತರು. ಹುಳದ ಜೊತೆ ಅದು ಸಿಕ್ಕ ಜಾಗದ ಚೀಟಿ ಇರಬೇಕು, ಜಾಗ ಇಲ್ಲದ ಹುಳ ಲೆಕ್ಕಕ್ಕೇ ಇಲ್ಲ. ಎಲ್ಲಿ ಸಿಕ್ಕಿತು ಎಂದರು. ರಾಯಚೂರು ಎಂದೆ. ರಾಯಚೂರಿನಲ್ಲಿ ಎಲ್ಲಿ ಎಂದರು. ಒಳಗೆ ಎಂದೆ. ಯಾವುದರ ಒಳಗೆ ಎಂದರು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಸರ್ ನಗಲಿಲ್ಲ, ಅದು ಅವರ ದೊಡ್ಡತನ. ಕನ್ನಡಕ ತೆಗೆದು, ಅಷ್ಟೇನೂ ಕೊಳೆಯಾಗಿರದ ಗಾಜನ್ನು ಬಹಳ ಹೊತ್ತು ಒರೆಸಿದರು.

ಪ್ರಬಂಧದಲ್ಲಿ ನನ್ನ ಗಿರಣಿಯ ಹೆಸರು, ಓಣಿಯ ಹೆಸರು ಎಲ್ಲ ಬರೆದೆ. ಬರೆದದ್ದು ಇಂಗ್ಲಿಷಿನಲ್ಲಿ. ನಮ್ಮ ಗಿರಾಕಿಗಳು ಯಾರೂ ಅದನ್ನು ಓದುವವರಲ್ಲ. ಅಷ್ಟು ಕಷ್ಟಪಟ್ಟು ಇಂಗ್ಲಿಷ್ ಕಲಿತದ್ದು ಯಾತಕ್ಕೆ ಎಂಬುದು ನನಗೆ ಅವತ್ತು ತಿಳಿಯಿತು.

ಯಾರ ಹುಳ

ಪಿಎಚ್‌ಡಿಯ ಕೊನೆಯ ಮೌಖಿಕ ಪರೀಕ್ಷೆ ಬಾಗಿಲು ಹಾಕಿಕೊಂಡು ನಡೆಯುವುದಿಲ್ಲ, ಯಾರು ಬೇಕಾದರೂ ಬಂದು ಕೂರಬಹುದು. ಈ ನಿಯಮವನ್ನು ಹೆಮ್ಮೆಯಿಂದ ಭಾಯಿಗೆ ಹೇಳಿದ್ದು ನಾನೇ. ಭಾಯಿ ನಮ್ಮ ಗಿರಾಕಿಗಳನ್ನೆಲ್ಲ ಆಟೋಗಳಲ್ಲಿ ತುಂಬಿಕೊಂಡು ಬಂದರು. ಹಿಂದಿನ ಸಾಲುಗಳು ಪೂರ್ತಿ ನಮ್ಮ ಓಣಿ. ಭಾಯಿಯ ಕೈಯಲ್ಲಿ ಹೂವಿನ ಹಾರ. ಅಜ್ಜಿ ಹೊಸ ಸೀರೆ ಉಟ್ಟಿದ್ದಳು, ಕಾಲ ಹತ್ತಿರ ಜೋಳದ ಚೀಲ ಇಟ್ಟುಕೊಂಡಿದ್ದಳು. ಪರೀಕ್ಷೆ ಮುಗಿದ ಮೇಲೆ ಹೇಗೂ ಗಿರಣಿ ತೆಗೆಯುತ್ತೀಯಲ್ಲ ಎಂದಳು.

ಭಾಷೆ ಇಂಗ್ಲಿಷ್, ಹೆದರಿಕೆ ಇಲ್ಲ ಎಂದು ನಾನು ಧೈರ್ಯವಾಗಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಹಿಂದಿನ ಸಾಲುಗಳನ್ನು ನೋಡಿದರು, ಅಜ್ಜಿಯನ್ನು ನೋಡಿದರು, ಚೀಲ ನೋಡಿದರು. ಅವರು ಬಾಗಲಕೋಟೆ ಕಡೆಯವರಂತೆ. “ಇಷ್ಟು ಮಂದಿ ಬಂದಾರ,” ಅಂದರು. “ಕನ್ನಡದಾಗ ಮಾತಾಡೂಣು.” ಗೈಡ್ ಸರ್ ಫ್ಯಾನಿನ ರೆಕ್ಕೆ ಎಣಿಸುವವರಂತೆ ಮೇಲೆ ನೋಡತೊಡಗಿದರು.

ಮೊದಲು ಕೇಳಿದ್ದಕ್ಕೆಲ್ಲ ಪಟಪಟ ಉತ್ತರಿಸಿದೆ. ಬೆನ್ನಿನ ಬೆಸುಗೆ, ಒಳಗಿನ ರೆಕ್ಕೆ ಕುಗ್ಗಿದ್ದು, ಹತ್ತಿರದ ಜಾತಿಗಳಿಂದ ಯಾವಾಗ ಬೇರೆಯಾಗಿರಬಹುದು, ಎಲ್ಲ. ಪರೀಕ್ಷಕರು ತಲೆದೂಗಿದರು. ಆಮೇಲೆ, ಹುಳ ಎಲ್ಲಿ ಸಿಕ್ಕಿತು ಎಂದರು.

ಪ್ರಬಂಧದಲ್ಲಿ ಬರೆದಿದ್ದೇನೆ ಸರ್ ಎಂದೆ.

“ಓದೀನಿ. ಇವ್ರಿಗೂ ತಿಳೀಲಿ.”

ಹಿಂದೆ ನೋಡಿದೆ. ಹುಳದ ಕಾಳು ಎಂದು ನಾನು ವಾಪಸ್ ಕಳಿಸಿದ ಮುಖಗಳೆಲ್ಲ ಅಲ್ಲಿದ್ದವು. ಹೇಳಿದರೆ ಗಿರಣಿಯ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಡಾಕ್ಟರ್ ಪದವಿ ಹೋಗುತ್ತದೆ. ಎರಡೂ ನಾನೇ ದುಡಿದದ್ದು.

“ನಮ್ಮ ಗಿರಣಿಯಲ್ಲಿ ಸರ್,” ಅಂದೆ.

ಭಾಯಿಯ ಕೈಯಲ್ಲಿದ್ದ ಹಾರ ನಿಧಾನವಾಗಿ ಕೆಳಗೆ ಇಳಿಯಿತು. ಅಜ್ಜಿ ಪಕ್ಕದವಳನ್ನು ಏನಂದಳು ಎಂದು ಕೇಳಿದಳು, ಪಕ್ಕದವಳು ಎಲ್ಲರಿಗೂ ಕೇಳುವಂತೆ ಹೇಳಿದಳು. ಗುಸುಗುಸು ಶುರುವಾಯಿತು. ಪರೀಕ್ಷಕರು ಕೈ ಎತ್ತಿ ಸುಮ್ಮನಿರಿಸಿ, ಇದರ ಬೆಲೆ ನಿಮಗೆ ಗೊತ್ತಿಲ್ಲ ಎಂದು ಓಣಿಗೆ ತಿಳಿಸಿ ಹೇಳಿದರು: ಇನ್ನು ಮುಂದೆ ಜಗತ್ತಿನ ಯಾವ ಮೂಲೆಯಲ್ಲಿ ಯಾರು ಈ ಹುಳದ ಬಗ್ಗೆ ಬರೆದರೂ, ಇದು ಮೊದಲು ಗುರುತಾದ ಜಾಗ ಎಂದು ಈ ಗಿರಣಿಯ ಹೆಸರನ್ನೇ ಬರೆಯಬೇಕು. ನಾವೆಲ್ಲ ಹೋದ ಮೇಲೂ ಅದು ಪುಸ್ತಕದಲ್ಲಿ ಇರುತ್ತದೆ.

ಗುಸುಗುಸು ನಿಂತಿತು.

ಪರೀಕ್ಷಕರು ನನ್ನ ಕಡೆ ತಿರುಗಿ ಕೊನೆಯ ಪ್ರಶ್ನೆ ಕೇಳಿದರು. ಈ ಹುಳ ಹಾರುವುದಿಲ್ಲ, ಹಾಗಾದರೆ ಗಿರಣಿಗೆ ಬಂದದ್ದು ಹೇಗೆ. ಯಾರದೋ ಜೋಳದ ಚೀಲದಲ್ಲಿ ಬಂದಿರಬೇಕು ಸರ್, ಯಾರದೆಂದು ಈಗ ಹೇಳಲು ಆಗುವುದಿಲ್ಲ ಎಂದೆ.

“ಯಾಕ ಆಗಂಗಿಲ್ಲ?” ಎಂದು ಹಿಂದಿನಿಂದ ದನಿ ಬಂತು. ಅಜ್ಜಿ ಎದ್ದು ನಿಂತಿದ್ದಳು. “ಯಪ್ಪಾ, ಆ ಹುಳ ನಮ್ಮ ಜ್ವಾಳದಾಗಿಂದು. ಇಕಿ ಎಲ್ಲಾರ ಮುಂದ ನನ್ನ ಚೀಲ ವಾಪಸ್ ಕಳಿಸಿದ್ಳು. ಮರುದಿನ ಅದ ಜ್ವಾಳ ತಳಕ್ಕ ಹಾಕಿ, ಮ್ಯಾಲ ಚೊಲೊ ಜ್ವಾಳ ಹಾಕಿ ತಂದು ಬೀಸಿಸಿಕೊಂಡು ಹೋಗೀನಿ. ಇಕಿಗೆ ಗೊತ್ತೇ ಆಗ್ಲಿಲ್ಲ. ಪುಸ್ತಕದಾಗ ನನ್ನ ಹೆಸರು ಬರೀರಿ.”

ಭಾಯಿ ಕೂಡಲೇ ಎದ್ದರು. “ಸರ್, ಆ ಜ್ವಾಳ ಅಜ್ಜಿ ತಂದದ್ದು ನಮ್ಮ ಅಂಗಡಿಯಿಂದ. ಹುಳ ನಮ್ಮವು. ನಮ್ಮ ಅಂಗಡ್ಯಾಗ ಮೊದಲಿಂದ ಅದಾವ, ಓಣಿ ಮಂದಿಗೆಲ್ಲ ಗೊತ್ತದ.”

ಸಕ್ಕರೆ ಕೊಳ್ಳುವುದನ್ನು ಬಿಟ್ಟರೂ ನನಗೆ ಹೊರಡಿಸಲಾಗದ ಮಾತು ಅವರ ಬಾಯಿಂದ ತಾನಾಗಿ ಬಂದಿತ್ತು. ಅಷ್ಟರಲ್ಲಿ ಮತ್ತೊಬ್ಬಳು ಎದ್ದು ತಮ್ಮ ಮನೆಯ ಜೋಳಕ್ಕೂ ಅದೇ ವರ್ಷ ಹುಳ ಹತ್ತಿದ್ದವು ಎಂದಳು. ಮೂಲೆಯಲ್ಲಿ ಮಿಸ್ತ್ರಿ ಎದ್ದು, ಹಾಕಿದ ಆಣೆಯನ್ನು ಮರೆತು, ಮೊದಲು ನೋಡಿದವನು ತಾನು ಎಂದ. ಪರೀಕ್ಷಕರು ಪೆನ್ನು ಹಿಡಿದುಕೊಂಡು ಕಕ್ಕಾಬಿಕ್ಕಿಯಾಗಿ, ಹಾಗಾದರೆ ಯಾರದೆಂದು ಬರೆದುಕೊಳ್ಳಲಿ ಎಂದರು.

ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಓಡಾಡಿದ್ದು ನಾನು, ಬೂದಿ ಕೆದರಿದ್ದು ನಾನು. ಪರೀಕ್ಷೆ, ಶುದ್ಧ ಭಾಷೆ, ಬೋರ್ಡು ಎಲ್ಲ ಮರೆತು ಮೇಜು ಬಡಿದೆ.

“ಸರ್, ಅವ್ರ ಮಾತು ಕೇಳಬ್ಯಾಡ್ರಿ. ಹುಳ ನಮ್ಮವು. ಗಿರಣಿ ಹಾಕಿದ ದಿನದಿಂದ ಅದಾವ. ಹಲಗಿ ಕೆಳಗೂ ಅದಾವ, ಗ್ವಾಡಿ ಸಂದ್ಯಾಗೂ ಅದಾವ. ನಮ್ಮ ಗಿರಣಿ ತುಂಬ ಹುಳನ ಅದಾವ.”

ಪರೀಕ್ಷಕರು ಬರೆದುಕೊಂಡರು. ಸ್ವಲ್ಪ ಹೊತ್ತಿಗೆ ನನ್ನನ್ನು ಡಾಕ್ಟರ್ ಎಂದು ಕರೆದರು. ಭಾಯಿ ಹಾರ ಹಾಕಿದರು. ಎಲ್ಲರೂ ಚಪ್ಪಾಳೆ ಹೊಡೆದರು.

ಬಾಗಿಲ ಹತ್ತಿರ ಅಜ್ಜಿ ಜೋಳದ ಚೀಲ ಹಿಡಿದು ನಿಂತಿದ್ದಳು. ನನ್ನ ಕೆನ್ನೆ ಸವರಿದಳು. “ಡಾಕ್ಟರ್ ಆದಿ, ಚೊಲೊ ಆತು. ಈ ಜ್ವಾಳಕ್ಕ ನುಸಿ ಹತ್ತ್ಯಾವ, ಈಗ ಹೇಳಿಬಿಡ್ತೀನಿ. ನಿಮ್ಮ ಹುಳಕ್ಕ ಪರಕೀಯರು ಬ್ಯಾಡ ಅಂದ್ರ ಒಯ್ತೀನಿ.”

ಅವತ್ತು ಪಾಳಿಯಲ್ಲಿ ಮೊದಲು ಅಜ್ಜಿಯ ಜೋಳವನ್ನೇ ಬೀಸಿದೆ.